ಬಾಗೇವಾಡಿಯ ಸೇಬಿನ ಗಿಡ

ಡಿಸೆಂಬರ್ ತಿಂಗಳ ಒಂದು ಮುಂಜಾನೆ, ಸ್ನಾನದ ನೀರು ಕಾಯಿಸಲು ಕಟ್ಟಿಗೆ ತರಲೆಂದು ದುರ್ಗವ್ವ ಹಿತ್ತಲ ಬಾಗಿಲು ತೆರೆದಳು. ಗಂಡ ಅಪ್ಪಾಸಾಬ ಸೇಬಿನ ಗಿಡದ ಮುಂದೆ ನಿಂತು ಎಲೆ ಕೀಳುತ್ತಿದ್ದ. ಹಣ್ಣಾಗಿ ಉದುರುವ ಎಲೆಯಲ್ಲ. ಹಸಿರಾದ, ಗಟ್ಟಿ ಎಲೆ. ಒಂದೊಂದನ್ನೇ ತೊಟ್ಟು ಹಿಡಿದು ಕಿತ್ತು, ಕಾಲ ಬಳಿ ಇಟ್ಟ ಬಕೀಟಿಗೆ ಹಾಕುತ್ತಿದ್ದ. ಬಕೀಟು ಅರ್ಧ ತುಂಬಿತ್ತು. ಗಿಡದ ಒಂದು ಮಗ್ಗಲು ಆಗಲೇ ಬೋಳಾಗಿತ್ತು.

"ಏನ್ ಮಾಡಾಕತ್ತೀರಿ ನೀವು?"

"ಒದರಬ್ಯಾಡ. ನಿದ್ದಿ ಮಾಡಸಾಕತ್ತೇನಿ."

"ಯಾರಿಗೆ?"

"ಗಿಡಕ್ಕ."

ದುರ್ಗವ್ವ ಕೈಯಲ್ಲಿದ್ದ ಬುಟ್ಟಿಯನ್ನು ಅಲ್ಲೇ ಇಳಿಸಿದಳು. ಆ ಗಿಡವನ್ನು ಈ ಮನುಷ್ಯ ಎರಡು ವರ್ಷ ಕೂಸಿನ ಹಾಗೆ ಸಾಕಿದ್ದ. ಬೇಸಿಗೆಯಲ್ಲಿ ಅದಕ್ಕೆ ಹಸಿರು ಪರದೆ ಕಟ್ಟಿ ನೆರಳು ಮಾಡಿದ್ದ, ಮನೆಯವರೆಲ್ಲ ಮೈ ತೊಳೆದ ನೀರು ಅದರ ಬುಡಕ್ಕೇ ಹೋಗಬೇಕೆಂದು ಬಚ್ಚಲ ಮೋರಿಯನ್ನೇ ತಿರುಗಿಸಿದ್ದ. ಬಸವನ ಬಾಗೇವಾಡಿಯ ಬಿಸಿಲಲ್ಲಿ ಸೇಬು ಬೆಳೀತಾನಂತೆ ಎಂದು ಓಣಿಗೆ ಓಣಿಯೇ ನಕ್ಕಿತ್ತು. ತಂಗಡಗಿಯ ಜಾಹಿದ ಕೊಟ್ಟ ಸಸಿ ಅದು. ಅಪ್ಪಾಸಾಬ ಮುದ್ದೇಬಿಹಾಳ ಕಡೆ ಲೈನ್‌ಮನ್ ಆಗಿದ್ದಾಗ ಈ ಜಾಹಿದ ಅವನ ಕೈಕೆಳಗೆ ಕಂಬದ ಗುಂಡಿ ತೋಡುತ್ತಿದ್ದವನು. ಈಗ ಹೊಳೆ ದಂಡೆಗೆ ಸಣ್ಣ ನರ್ಸರಿ ಮಾಡಿಕೊಂಡಿದ್ದ. ಸೆಕೆ ತಡೆಯುವ ಸಿಹಿ ಜಾತಿ, 'ಅನ್ನಾ' ಅಂತ ಹೆಸರು ಎಂದು ಹೇಳಿ ಕೊಟ್ಟಿದ್ದ. ಜೊತೆಗೆ ಬೇರೆ ಜಾತಿಯ ಇನ್ನೊಂದು ಸಸಿ. ಎರಡನೆಯದನ್ನು ಪಕ್ಕದ ಮನೆಯ ಸಗೀರಾಳ ಆಡು ಬೇಲಿ ದಾಟಿ ಬಂದು ತಿಂದು ಹಾಕಿತ್ತು. ಅವತ್ತು ಅಪ್ಪಾಸಾಬ ಊಟ ಮಾಡಿರಲಿಲ್ಲ.

ಅಂಥವನು ಈಗ ತನ್ನ ಕೈಯಾರೆ ಎಲೆ ಕೀಳುತ್ತಿದ್ದಾನೆ.

"ಬಿಡ್ರಿ ಅದನ್ನ. ಸಾಯ್ತೈತಿ ಗಿಡಾ."

"ಸಾಯಂಗಿಲ್ಲ. ಇಲ್ಲಿ ಥಂಡಿ ಸಾಲಂಗಿಲ್ಲ ಅದಕ್ಕ. ನಾವ ಮಲಗಿಸಬೇಕು."

ಅವನ ದನಿಯಲ್ಲಿ ಗೊಂದಲವಿರಲಿಲ್ಲ. ಗೊಂದಲವೆಲ್ಲ ದುರ್ಗವ್ವನದೇ ಆಗಿತ್ತು. ಯಾಕೆಂದರೆ ಹೋದ ತಿಂಗಳು ಇದೇ ಮನುಷ್ಯ ಸಿಂದಗಿಯ ಮದುವೆಗೆ ಹೋಗುವಾಗ, ದಾರಿಯಲ್ಲಿ ಯಾವುದೋ ಊರಲ್ಲಿ ಬಸ್ಸಿಳಿದು, ಮದುವೆ ಮನೆ ಎಲ್ಲಿ ಎಂದು ಕೇಳುತ್ತ ಅಡ್ಡಾಡಿದ್ದ.

ಸಂಜೆ ಊಟಕ್ಕೆ ಕೂತಾಗ ಮಾತು ಎದ್ದಿತು. ಅಪ್ಪಾಸಾಬ ಬೇಗ ಉಂಡು ಸಗೀರಾಳ ಗಂಡನ ಜೊತೆ ಮಾತಾಡಲು ಹೋಗಿದ್ದ. ಮಗ ಪರಶು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಯಾವ ಮಾತನ್ನೂ ಸುತ್ತಿ ಬಳಸಿ ಹೇಳುವವನಲ್ಲ.

"ಅವ್ವಾ, ಈ ವಾರ ರಜಾ ಹಾಕ್ತೇನಿ. ಅಪ್ಪನ್ನ ಬಿಜಾಪುರದ ದವಾಖಾನಿಗೆ ಕರಕೊಂಡು ಹೋಗೂಣು."

"ಯಾಕ, ಜ್ವರ ಬಂದಾವೇನು ಅವರಿಗೆ?"

"ಜ್ವರದ ಮಾತಲ್ಲ ಇದು. ತಲಿದು."

ಸೊಸೆ ಕಾವೇರಿ ರೊಟ್ಟಿ ಬಡಿಸುತ್ತ ನಿಂತಿದ್ದಳು. ಅಂಗನವಾಡಿಯಲ್ಲಿ ದಿನವಿಡೀ ಮಕ್ಕಳ ಜೊತೆ ಇದ್ದು ಅವಳಿಗೂ ನೇರ ಮಾತಿನ ರೂಢಿಯಾಗಿತ್ತು. "ಅತ್ತಿ, ಮೊನ್ನೆ ಮಾವಾರು ಚಹಾಕ್ಕ ಉಪ್ಪು ಹಾಕಿದ್ರು."

"ಡಬ್ಬಿ ಎರಡೂ ಒಂದ ನಮೂನಿ ಅದಾವ. ತಂದಾಕಿ ನೀನ."

"ಗ್ಯಾಸ್ ಹಚ್ಚಿಟ್ಟು ಹೊರಗ ಹೋದ್ರು."

"ನೀ ಎಂದೂ ಬಿಟ್ಟಿಲ್ಲೇನು?"

"ಕೋಮಲಗ ಸಾವಂತ್ರವ್ವ ಅಂತ ಕರದ್ರು. ಮೂರು ಸಲ."

ಒಂಬತ್ತನೆಯ ತರಗತಿಯ ಮೊಮ್ಮಗಳು ಕೋಮಲ ತಲೆ ತಗ್ಗಿಸಿ ಪುಂಡಿಪಲ್ಯೆಯಲ್ಲಿ ರೊಟ್ಟಿ ಮುರಿಯುತ್ತಿದ್ದಳು. ಸಾವಂತ್ರವ್ವ ಅಪ್ಪಾಸಾಬನ ತಂಗಿ. ಅವಳು ಸತ್ತು ಎಷ್ಟೋ ವರ್ಷವಾಗಿತ್ತು.

"ಮೂಗು ಅಕಿದ ಐತಲ್ಲ ಈ ಹುಡುಗಿದು," ಎಂದಳು ದುರ್ಗವ್ವ. "ಬಾಯಿಗೆ ಬಂದಿರಬೇಕು."

"ಮತ್ತ ಇವತ್ತಿನ ಎಲಿ?" ಎಂದ ಪರಶು. "ಹಸರ ಗಿಡದ ಎಲಿ ಕಿತ್ತು ನಿದ್ದಿ ಮಾಡಸಾಕತ್ತೇನಿ ಅಂದ್ರ, ಅದಕ್ಕ ಏನಂತಿ?"

ದುರ್ಗವ್ವ ಶೇಂಗಾ ಹಿಂಡಿಯ ಬಟ್ಟಲನ್ನು ಮಗನ ಕಡೆ ಸರಿಸಿದಳು. ಪರಶು ಕೈ ತೊಳೆದು ಎದ್ದವನು, ಪಡಸಾಲೆಯಲ್ಲಿ ಬಾಬಾಸಾಹೇಬರ ಫೋಟೊದ ಕೆಳಗಿನ ಮೊಳೆಗೆ ತೂಗುಹಾಕಿದ್ದ ಅಪ್ಪನ ಮೋಟಾರ್‌ಸೈಕಲ್ಲಿನ ಚಾವಿಯನ್ನು ತೆಗೆದು ತನ್ನ ಕಿಸೆಗೆ ಹಾಕಿಕೊಂಡ.

ಮರುದಿನ ಮುಂಜಾನೆ ಮೊಳೆ ಬರಿದಾಗಿದ್ದನ್ನು ಕಂಡು ಅಪ್ಪಾಸಾಬ ಯಾರನ್ನೂ ಏನೂ ಕೇಳಲಿಲ್ಲ. ಗಾಡಿಯನ್ನು ಒರೆಸಿ, ಅದರ ಮೇಲೆ ಹಳೆಯ ಚಾದರ ಹೊದಿಸಿದ. ಆಮೇಲೆ ಚಹಾ ಕುಡಿಯುತ್ತ, "ಚಾವಿ ತಗೊಂಡಾವ ಕೇಳಿ ತಗೊಂಡಿದ್ರ ನಾನ ಕೊಡ್ತಿದ್ನಿ," ಎಂದಷ್ಟೇ ಅಂದ. ಪರಶು ಪೇಪರಿನ ಹಿಂದೆ ಮುಖ ಮರೆಸಿಕೊಂಡ. ಮೂರು ದಿನ ಅಪ್ಪ ಮಗನ ನಡುವೆ ಮಾತಿರಲಿಲ್ಲ. ಉಪ್ಪು ಬೇಕಾದರೂ ಒಬ್ಬರು ಕಾವೇರಿಗೆ ಹೇಳಿದರೆ ಇನ್ನೊಬ್ಬರು ಕೋಮಲಳಿಗೆ ಹೇಳುತ್ತಿದ್ದರು.

ನಾಲ್ಕನೆಯ ದಿನ ಕೋಮಲ ಸಾಲಿಯಿಂದ ಬಂದವಳೇ ಅಮ್ಮನ ಮೊಬೈಲು ಹಿಡಿದು ಅಜ್ಜಿಯ ಹತ್ತಿರ ಓಡಿ ಬಂದಳು.

"ಆಯಿ, ನೋಡಿಲ್ಲಿ. ಮುತ್ಯಾ ಮಾಡಿದ್ದು ಬರೋಬ್ಬರಿ ಐತಿ!"

ಪರದೆಯಲ್ಲಿ ಯಾರೋ ಒಬ್ಬ ರೈತ ಸೇಬಿನ ಗಿಡದ ಎಲೆ ಕೀಳುತ್ತಿದ್ದ. ಸೆಕೆಯ ನಾಡಿನಲ್ಲಿ ಸೇಬಿನ ಎಲೆ ತಾನಾಗಿ ಉದುರುವುದಿಲ್ಲ, ಚಳಿಗಾಲದಲ್ಲಿ ನೀರು ನಿಲ್ಲಿಸಿ ಎಲೆ ತೆಗೆದರೆ ಗಿಡ ವಿಶ್ರಾಂತಿಗೆ ಹೋಗಿ ಆಮೇಲೆ ಹೂ ಬಿಡುತ್ತದೆ ಎಂದು ಹೇಳುತ್ತಿದ್ದ. ದುರ್ಗವ್ವ ಅದನ್ನು ಎರಡು ಸಲ ಹಾಕಿಸಿ ಕೇಳಿದಳು. ಮೂರನೆಯ ಸಲ ಮಗ ಮನೆಗೆ ಬಂದಮೇಲೆ ಅವನ ಮುಂದೆ ಹಾಕಿಸಿದಳು.

"ನಿಮ್ಮಪ್ಪನ ತಲಿ ನೆಟ್ಟಗೈತಿ. ಚಾವಿ ತಗದಿಡು."

ಪರಶು ವಿಡಿಯೊ ನೋಡಿದ. ತಲೆ ಕೆರೆದುಕೊಂಡ. "ಮತ್ತ ಉಪ್ಪು? ಸಾವಂತ್ರವ್ವ?" ಎಂದ.

"ತಗದಿಡು ಅಂದೆ."

ಚಾವಿ ಮತ್ತೆ ಮೊಳೆಗೆ ಬಂತು.

ಜನವರಿಯಿಡೀ ಗಿಡ ಬರೀ ಕಡ್ಡಿಯಾಗಿ ನಿಂತಿತ್ತು. ಸಗೀರಾ ಬೇಲಿಯಾಚೆಯಿಂದ ಇಣುಕಿ, "ಚಾಚಿ, ಒಣಾ ಕಟ್ಟಿಗಿ ಆಯ್ತಲ್ಲ, ಒಲಿಗೆ ಹಾಕ್ರಿ," ಎಂದು ನಕ್ಕಳು. ದುರ್ಗವ್ವ ನಗಲಿಲ್ಲ. ದಿನಾ ಮುಂಜಾನೆ ಟೊಂಗೆಯ ತುದಿಯನ್ನು ಉಗುರಿನಿಂದ ಕೆರೆದು ಹಸಿರಿದೆಯೋ ಎಂದು ನೋಡುತ್ತಿದ್ದಳು. ಹಸಿರೇನೋ ಇತ್ತು. ಅದರಿಂದ ಅವಳಿಗೆ ಸಮಾಧಾನವಾಗಬೇಕಿತ್ತು; ಆದರೆ ಅದೇ ವಾರ ಅಪ್ಪಾಸಾಬ ಒಂದು ಮುಂಜಾನೆ ಎರಡು ಸಲ ಸ್ನಾನ ಮಾಡಿದ. ಎರಡನೆಯ ಸಲ ಯಾಕೆ ಎಂದು ಕೇಳಿದರೆ, "ಗಿಡಕ್ಕ ನೀರು ಬ್ಯಾಡೇನು?" ಎಂದ. ಡಿಸೆಂಬರಿನಲ್ಲೇ ಮೋರಿ ಬೇರೆ ಕಡೆ ತಿರುಗಿಸಿ ಗಿಡಕ್ಕೆ ನೀರು ನಿಲ್ಲಿಸಿದವನು ಅವನೇ.

ಫೆಬ್ರುವರಿ ಮೊದಲ ವಾರ ಕಡ್ಡಿಯ ಗಂಟುಗಳು ಉಬ್ಬಿದವು. ನಾಲ್ಕೇ ದಿನದಲ್ಲಿ ಗುಲಾಬಿ ಮೊಗ್ಗು, ಮತ್ತೆರಡು ದಿನಕ್ಕೆ ಬಿಳಿ ಹೂ. ನಕ್ಕಿದ್ದ ಓಣಿಯವರೇ ಸಾಲುಗಟ್ಟಿ ಬಂದು ನೋಡಿದರು. ಸಗೀರಾ ಗಿಡದ ಮುಂದೆ ನಿಂತು ಫೋಟೊ ತೆಗೆಸಿಕೊಂಡಳು. ಪರಶು ತನ್ನ ಸಾಲಿಯ ಮಾಸ್ತರರನ್ನು ಕರೆತಂದು, "ನಮ್ಮ ಅಪ್ಪಾರು ಬೆಳದಾರ್ರಿ," ಎಂದು ತೋರಿಸಿದ. ಅಪ್ಪಾಸಾಬ ಖುರ್ಚಿ ಹಾಕಿಕೊಂಡು ಗಿಡದ ಪಕ್ಕ ಕೂತು ಬಂದವರಿಗೆಲ್ಲ ಥಂಡಿ, ನಿದ್ದೆ, ನೀರಿನ ಲೆಕ್ಕ ವಿವರಿಸಿದ. ದುರ್ಗವ್ವ ಬಂದವರಿಗೆಲ್ಲ ಚಹಾ ಮಾಡಿ ಮಾಡಿ ಸುಸ್ತಾದಳು. ಅಷ್ಟು ಸಂತೋಷದ ಸುಸ್ತು ಅವಳಿಗೆ ಬಹಳ ದಿನದ ಮೇಲೆ ಬಂದದ್ದು.

ಎರಡು ದಿನ ಬಿಟ್ಟು ಅಪ್ಪಾಸಾಬ, "ಮನಗೂಳಿಗೆ ಹೋಗಿ ಗೊಬ್ಬರ ತರ್ತೇನಿ," ಎಂದು ಗಾಡಿ ತೆಗೆದ. ಅರ್ಧ ತಾಸಿನ ದಾರಿ. ಮಧ್ಯಾಹ್ನ ಊಟದ ಹೊತ್ತು ದಾಟಿದರೂ ಬರಲಿಲ್ಲ. ಫೋನು ಮನೆಯಲ್ಲೇ ಬಿಟ್ಟಿದ್ದ. ಪರಶು ಸಾಲಿಯಿಂದ ಬಂದು ಮನಗೂಳಿಗೆ ಹೋಗಿ ಅಂಗಡಿ ಅಂಗಡಿ ಕೇಳಿದ; ಅಲ್ಲಿಗೆ ಅವನು ಹೋಗಿಯೇ ಇರಲಿಲ್ಲ. ನಾಲ್ಕು ಗಂಟೆಗೆ ಪರಶುನ ಫೋನಿಗೆ ಕರೆ ಬಂತು. ಮಾತಾಡಿದವರು ತಂಗಡಗಿ ಕಡೆಯ ಕರೆಂಟ್ ಆಫೀಸಿನವರು. ಮನಗೂಳಿ ಒಂದು ದಿಕ್ಕು, ತಂಗಡಗಿ ತೀರ ಎದುರು ದಿಕ್ಕು.

"ಮಾಸ್ತರ್ರ, ನಿಮ್ಮ ತಂದಿ ಇಲ್ಲಿ ಬಂದಾರ್ರಿ. ಏಣಿ ಕೊಡ್ರಿ ಅಂತ ಕೇಳಾಕತ್ತಾರ. ಡ್ಯೂಟಿ ಮ್ಯಾಲೆ ಬಂದಂಗ ಕಾಣಸ್ತೈತಿ. ಹಳೇ ಮಂದಿ, ನಾವು ಏನ್ ಅನ್ನೂದ್ರಿ?"

ಪರಶು ಯಾರದೋ ಕಾರು ಕೇಳಿಕೊಂಡು ತಾಯಿಯನ್ನು ಕೂರಿಸಿಕೊಂಡು ಹೊರಟ. ಆಫೀಸಿನ ಮುಂದಿನ ಬೇವಿನ ಕೆಳಗೆ ಅಪ್ಪಾಸಾಬ ಆರಾಮಾಗಿ ಕೂತಿದ್ದ. ಕೈಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಏನೋ ಇತ್ತು.

"ಯಾಕ ಬಂದ್ರಿ ಇಬ್ಬರೂ? ಯಾರಾದ್ರೂ ಸತ್ತಾರೇನು?"

"ಮನಗೂಳಿಗಂತ ಹೇಳಿ ಇಲ್ಲಿಗ್ಯಾಕ ಬಂದ್ರಿ ನೀವು?" ದುರ್ಗವ್ವನ ದನಿ ಅವಳಿಗೇ ಬೇರೆ ಕೇಳಿಸಿತು.

"ಊರ ದಾಟಿದ ಮ್ಯಾಲೆ ವಿಚಾರ ಬಂತು. ಗೊಬ್ಬರ ನಾಳೆನೂ ಸಿಗ್ತೈತಿ, ಹೂ ನಾಳೆ ಇರಂಗಿಲ್ಲ. ಒಂದ ಜಾತಿ ಹೂವಿಗೆ ಕಾಯಿ ಸರಿ ಕಟ್ಟಂಗಿಲ್ಲ, ಎರಡನೇ ಜಾತಿ ಪುಡಿ ಬೇಕು. ನಮ್ಮ ಎರಡನೇ ಗಿಡಾ ಆಡು ತಿಂತಲ್ಲ. ಜಾಹಿದನ ಕಡೆ ಐತಿ ಅದು. ಅವನ ಗಿಡದಾಗ ಹೂ ಎಲ್ಲಾ ಮ್ಯಾಲಿನ ಟೊಂಗಿಗೆ ಇದ್ದವು."

"ಅದಕ್ಕ ಏಣಿ?"

"ಮತ್ತ ಹಾರ್ಲೇನು?"

"ಏಣಿ ಕೇಳಾಕ ಕರೆಂಟ್ ಆಫೀಸಿಗೆ ಬಂದ್ರಿ?"

"ಇಲ್ಲಿ ಬಿಟ್ಟು ಮತ್ತೆಲ್ಲಿ ಸಿಗ್ತೈತಿ ಏಣಿ? ವರ್ಷಗಟ್ಲೆ ಇಲ್ಲಿ ಹತ್ತಿ ಇಳದೇನಿ."

ಒದ್ದೆ ಬಟ್ಟೆ ಬಿಚ್ಚಿದರೆ ಒಳಗೆ ಹೂವಿದ್ದ ನಾಲ್ಕು ಕಡ್ಡಿಗಳಿದ್ದವು. ಜಾಹಿದನಿಗೆ ಫೋನು ಮಾಡಿದರೆ, "ಹೌದ್ರಿ, ಬಂದಿದ್ರು, ನಾನ ಹೂ ಕಡದು ಕೊಟ್ಟೇನಿ. ನನ್ನ ಕಡೆ ಏಣಿ ಇತ್ತಲ್ರಿ, ಅವರು ಮತ್ತ ಏಣಿ ತರಾಕ ಯಾಕ ಹೋದ್ರೋ ಗೊತ್ತಾಗ್ಲಿಲ್ಲ," ಎಂದ. ಪರಶು ತಾಯಿಯ ಮುಖ ನೋಡಿದ. ತಾಯಿ ಮಗನ ಮುಖ ನೋಡಿದಳು. ಇದನ್ನು ಯಾವ ಕಡೆಗೆ ಹಾಕಬೇಕು ಎಂದು ಇಬ್ಬರಿಗೂ ಬಗೆಹರಿಯಲಿಲ್ಲ. ಪ್ರತಿಯೊಂದಕ್ಕೂ ಆತನ ಕಡೆ ಉತ್ತರವಿತ್ತು, ಉತ್ತರ ಸರಿಯಾಗಿಯೂ ಇತ್ತು, ಆದರೆ ಎಲ್ಲೋ ಒಂದು ಎಳೆ ಬಿಟ್ಟು ಹೋಗಿರುತ್ತಿತ್ತು.

ಮರುದಿನ ಅಪ್ಪಾಸಾಬ ಕೋಮಲಳ ಬಣ್ಣದ ಕುಂಚ ಇಸಕೊಂಡು ಆ ಹೂವಿನ ಪುಡಿಯನ್ನು ತನ್ನ ಗಿಡದ ಹೂ ಹೂವಿಗೂ ತಾಗಿಸಿದ. ಲೈನ್‌ಮನ್ ಕೆಲಸ ಮಾಡಿ ಮಾಡಿ ದಪ್ಪಗಾದ ಬೆರಳುಗಳು, ಆದರೆ ಒಂದು ಎಸಳೂ ಉದುರಲಿಲ್ಲ.

ಮಾರ್ಚಿನಲ್ಲಿ ಕಾಯಿ ಕಟ್ಟಿತು. ಬಾರಿಕಾಯಿಯಷ್ಟು ಸಣ್ಣವು, ಒಂದೊಂದು ಗೊಂಚಲಿಗೆ ನಾಲ್ಕು, ಐದು. ದುರ್ಗವ್ವ ದಿನಾ ಎಣಿಸಿದಳು. ಐವತ್ಮೂರು. ಸಿಂದಗಿಯ ತಮ್ಮನ ಮನೆಗೆ ಇಷ್ಟು, ಕಾವೇರಿಯ ತವರಿಗೆ ಇಷ್ಟು, ಸಗೀರಾಳಿಗೆ ಆಡಿನ ತಪ್ಪು ಮನ್ನಿಸಿ ಎರಡು ಎಂದು ಮನಸ್ಸಿನಲ್ಲೇ ಹಂಚಿಟ್ಟಳು. ಸಂತೆಯಲ್ಲಿ ಸಿಕ್ಕವರಿಗೂ ಹೇಳಿ ಬಂದಳು.

ಏಪ್ರಿಲ್ ಮೊದಲ ಭಾನುವಾರ ಅವಳು ಸಂತೆಯಿಂದ ಬಂದಾಗ ಅಪ್ಪಾಸಾಬ ಕತ್ತರಿ ಹಿಡಿದು ಗಿಡದ ಹತ್ತಿರ ನಿಂತಿದ್ದ. ಕೆಳಗೆ ಹಸಿರು ಕಾಯಿಗಳು ಚೆಲ್ಲಿದ್ದವು. ಅವಳ ಕಣ್ಣೆದುರೇ ಇನ್ನೆರಡು ಬಿದ್ದವು.

ಕಾಯಿಪಲ್ಯೆಯ ಚೀಲ ಅವಳ ಕೈಯಿಂದ ಜಾರಿತು. ಬದನೆಕಾಯಿ ಹಿತ್ತಲ ತುಂಬ ಉರುಳಿದವು. ಅವಳು ಓಡಿ ಹೋಗಿ ಕತ್ತರಿ ಕಸಿದುಕೊಂಡಳು.

"ಹುಚ್ಚು ಹಿಡದೈತಿ ನಿಮಗ! ದವಾಖಾನಿಗೆ ತೋರಸಬೇಕಂತ ಪರಶು ಹೇಳಿದ್ದು ಖರೇನ ಐತಿ. ನಾನ ನಾಕು ತಿಂಗಳು ಎಲ್ಲಾರ ಕೂಡ ಜಗಳಾಡಿ ಮುಚ್ಚಿಟ್ಟೇನಿ. ನಿಮಗ ತಲಿ ಕೆಟ್ಟೈತಿ, ಕೇಳ್ರಿ, ತಲಿ ಕೆಟ್ಟೈತಿ!"

ಬೇಲಿಯಾಚೆ ಸಗೀರಾ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿದಳು. ಕಾವೇರಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅಪ್ಪಾಸಾಬ ಹೆಂಡತಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಗ್ಗಿ ಬದನೆಕಾಯಿಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿ, ಚೀಲವನ್ನು ಕಾವೇರಿಯ ಕೈಗೆ ಕೊಟ್ಟು ಒಳಗೆ ಹೋದ.

ಕೋಮಲ ಮೊಬೈಲು ತೆಗೆಯುವುದು ಬೇಡ ಎಂದು ದುರ್ಗವ್ವ ಮನಸ್ಸಿನಲ್ಲಿ ಬೇಡಿಕೊಂಡಳು. ಹುಡುಗಿ ತೆಗೆದಳು.

"ಆಯಿ... ಗೊಂಚಲಿಗೆ ಒಂದ ಕಾಯಿ ಬಿಡಬೇಕಂತ. ಉಳಿದವು ಕತ್ತರಿಸಬೇಕಂತ. ಇಲ್ಲಾಂದ್ರ ಟೊಂಗಿ ಮುರೀತಾವ, ಹಣ್ಣು ಸಣ್ಣಾಗ್ತಾವ."

ದುರ್ಗವ್ವ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವತ್ತು ರೊಟ್ಟಿ ಬಡಿದವಳು ಕಾವೇರಿ. ಊಟಕ್ಕೆ ಕೂತಾಗ ಅಪ್ಪಾಸಾಬನೇ ಮೊದಲು ಮಾತಾಡಿದ. ಎಷ್ಟೋ ದಿನದ ಮೇಲೆ ಮಗನ ಹೆಸರು ಹಿಡಿದು ಕರೆದ.

"ಪರಶು, ಆ ದವಾಖಾನಿ ಯಾವುದಂದಿ? ಹೋಗೂಣು."

"ಬ್ಯಾಡಪಾ, ಕಾಯಿ ಕತ್ತರಿಸಿದ್ದು ಸರಿ ಐತಂತ..."

"ಕಾಯಿ ಮಾತಲ್ಲ. ಹೋಗೂಣು."

ದುರ್ಗವ್ವ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವಳ ಒಂದು ಮಾತಿಗೆ ಆತ ಒಪ್ಪಿಕೊಂಡನೋ, ಇಲ್ಲಾ ಮೊದಲೇ ಒಪ್ಪಿಕೊಂಡು ಕೂತಿದ್ದನೋ, ಆ ಹೊತ್ತಿಗೆ ತಿಳಿಯಲಿಲ್ಲ.

ಬಿಜಾಪುರದ ದವಾಖಾನೆಯಲ್ಲಿ ಡಾಕ್ಟರು ಒಬ್ಬ ವಯಸ್ಸಾದ ಹೆಣ್ಣುಮಗಳು. ಐದು ಪದ ಹೇಳಿ, ನೆನಪಿಟ್ಟುಕೊಳ್ಳಿ ಎಂದರು. ತಿಂಗಳು ಯಾವುದು, ವಾರ ಯಾವುದು ಎಂದು ಕೇಳಿದರು. ವಾರ ಹೇಳಿದ, ತಿಂಗಳು ತಪ್ಪಿದ. ಹಾಳೆ ಕೊಟ್ಟು ಗಡಿಯಾರ ಬರೆಯಿರಿ ಎಂದರು. ಅಪ್ಪಾಸಾಬ ದುಂಡಗೆ ಸೊಗಸಾಗಿ ಗೆರೆ ಎಳೆದು, ಅಂಕಿ ಬರೆದು, ಒಂದೇ ಮುಳ್ಳು ಹಾಕಿ ಕೊಟ್ಟ. ಅದು ಕರೆಂಟಿನ ಮೀಟರ್ ಆಗಿತ್ತು. ಆಮೇಲೆ ಆ ಐದು ಪದ ಕೇಳಿದಾಗ ಒಂದು ಬಂತು.

ಇದು ಮರೆವಿನ ರೋಗ, ಶುರುವಿನ ಹಂತ, ಔಷಧಿ ಕೊಡುತ್ತೇನೆ, ಅದು ಬೆಳೆಯುವುದು ನಿಧಾನವಾಗಬಹುದು, ಪೂರ್ತಿ ವಾಸಿಯಾಗುವುದಲ್ಲ ಎಂದರು ಡಾಕ್ಟರು.

"ಅವ್ವಾರ, ಒಂದು ಕೇಳ್ತೇನ್ರಿ," ಎಂದಳು ದುರ್ಗವ್ವ. "ನೆನಪು ಹೋಗೈತಿ ಅಂದ್ರ ಗಿಡದ್ದು ಹ್ಯಾಂಗ ನೆನಪೈತ್ರಿ? ಎಲಿ ಯಾವಾಗ, ಹೂ ಯಾವಾಗ, ಕಾಯಿ ಎಷ್ಟು, ಒಂದೂ ತಪ್ಪಿಲ್ಲ. ನಾವ ಎಲ್ಲಾರೂ ತಪ್ಪೇವಿ."

ಡಾಕ್ಟರು ಅಪ್ಪಾಸಾಬನ ಕಡೆ ನೋಡಿದರು. ಅವನು ಸ್ವಲ್ಪ ನಾಚಿಕೊಂಡವನಂತೆ, "ಬರದಿಟ್ಟೇನ್ರಿ," ಎಂದ.

"ಎಲ್ಲಿ?"

"ಕಟ್ಟಿಗಿ ಖೋಲಿಯಾಗ."

ಹಿತ್ತಲ ಮೂಲೆಯ ಆ ಕಟ್ಟಿಗೆ ಕೋಣೆಗೆ ದುರ್ಗವ್ವ ಬಿಟ್ಟರೆ ಮನೆಯಲ್ಲಿ ಯಾರೂ ಹೋಗುತ್ತಿರಲಿಲ್ಲ. ಬಾಗಿಲ ಹಿಂದಿನ ಗೋಡೆಯ ಮೇಲೆ ನೀಲಿ ಸೀಮೆಸುಣ್ಣದ ಬರಹ ಇದ್ದದ್ದನ್ನು ಅವಳು ದಿನಾ ಕಂಡಿದ್ದಳು. ಕಂಬದ ನಂಬರು ಬರೆಯುವ ಹಳೆಯ ಚಟ ಎಂದುಕೊಂಡಿದ್ದಳು. ಅಕ್ಷರ ಅವಳಿಗೆ ಬರುತ್ತಿರಲಿಲ್ಲ; ಆತ ಆ ಗೋಡೆಯನ್ನೇ ಆರಿಸಿದ್ದು ಅದಕ್ಕೇ ಇರಬೇಕು.

ಮನೆಗೆ ಬಂದವಳೇ ಕೋಮಲಳನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಪರಶು ಕಾವೇರಿ ಇಬ್ಬರೂ ಹಿಂದೆ ಬಂದು ಬಾಗಿಲಲ್ಲಿ ನಿಂತರು. ಕೋಮಲ ಗೋಡೆಯ ಮೇಲೆ ಬೆರಳಿಟ್ಟು ಓದಿದಳು.

"ಡಿಸೆಂಬರ. ನೀರು ಬಂದ ಮಾಡು. ಎಲಿ ಎಲ್ಲಾ ತಗಿ. ಎಲ್ಲಾರೂ ಬೈತಾರ. ತಗಿ."

"ಮುಂದ?"

"ಹೂ ಬಂದ ಮ್ಯಾಲೆ ಜಾಹಿದನ ಕಡೆ ಹೋಗು. ಬ್ಯಾರೆ ಜಾತಿ ಹೂ ತಾ. ಏಣಿ ಬೇಕು." ಕೋಮಲಳ ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಕಾಯಿ ಗೊಂಚಲಕ್ಕ ಒಂದ ಬಿಡು. ದುರಗವ್ವ ಅಳತಾಳ. ಕೇಳಬ್ಯಾಡ."

ದುರ್ಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಮುಂದ ಓದು."

"ಮುಂದ ಇಲ್ಲ ಆಯಿ."

"ಐತಿ. ಕೆಳಗ ಇನ್ನೊಂದು ಸಾಲೈತಿ. ಅಕ್ಷರ ಬರದಿದ್ರ ಏನಾತು, ಗೆರಿ ಕಾಣ್ತಾವ ನನಗ."

ಹುಡುಗಿಯ ದನಿ ತೀರ ಸಣ್ಣದಾಯಿತು. "ಕೋಮಲ ಪರಶುನ ಮಗಳು. ಸಾವಂತ್ರವ್ವ ತೀರಿಕೊಂಡಾಳ."

ಕಾವೇರಿ ಮಗಳನ್ನು ತನ್ನ ಕಡೆ ಎಳೆದುಕೊಂಡಳು. ಆತನಿಗೆ ಇವರೆಲ್ಲರಿಗಿಂತ ಮೊದಲೇ ಗೊತ್ತಿತ್ತು. ಗೊತ್ತಿದ್ದು ಒಬ್ಬನೇ ಅದನ್ನು ಇಟ್ಟುಕೊಂಡು, ಇವರು ಬೈದಾಗ ಬೈಸಿಕೊಂಡು, ಚಾವಿ ತೆಗೆದಾಗ ಗಾಡಿಗೆ ಚಾದರ ಹೊದಿಸಿದ್ದ.

ಮುಂದಿನ ಭಾನುವಾರ ಪರಶು ನೀಲಿ ಬಣ್ಣದ ಡಬ್ಬಿ ತಂದ. ಮಕ್ಕಳ ವಹಿಯಲ್ಲಿ ಒಂದು ಒತ್ತು ತಪ್ಪಿದರೂ ಕೆಂಪು ಗೆರೆ ಹಾಕುವ ಮಾಸ್ತರ ಅವನು. ಕಟ್ಟಿಗೆಯ ರಾಶಿಯ ಮೇಲೆ ಕಾಲಿಟ್ಟು, ಅಳಿಸಿಹೋಗುತ್ತಿದ್ದ ಅಪ್ಪನ ಅಕ್ಷರಗಳ ಮೇಲೆಯೇ ಕುಂಚ ಎಳೆಯುತ್ತ ಹೋದ. ಒಂದು ಅಕ್ಷರವನ್ನೂ ತಿದ್ದಲಿಲ್ಲ. ಅಪ್ಪಾಸಾಬ ಬಾಗಿಲಲ್ಲಿ ನಿಂತು ನೋಡಿ, "ಎಲಿ ಅನ್ನೂದು ಸರಿ ಕಾಣವಲ್ದು, ಇನ್ನೊಂದು ಸಲ ಎಳಿ," ಎಂದ. ಅವತ್ತೇ ಮೊಳೆಯಿಂದ ಗಾಡಿಯ ಚಾವಿ ತೆಗೆದು ತಾನಾಗಿ ಸೊಸೆಯ ಕೈಗೆ ಕೊಟ್ಟ. "ನೀ ಕಲಿ ಕಾವೇರಿ. ಅಂಗನವಾಡಿಗೆ ಎಷ್ಟು ದಿನ ನಡಕೊಂತ ಹೋಗ್ತಿ?" ಕಾವೇರಿ ಮೇ ತಿಂಗಳಲ್ಲಿ ಗಾಡಿ ಕಲಿತಳು. ಎರಡು ಸಲ ಬಿದ್ದಳು. ಹಿಂದೆ ಕೂತು ಕಲಿಸಿದವನು ಮಾವನೇ.

ಆದರೂ ಮನೆ ಸರಿಯಾಯಿತು ಎನ್ನುವಂತಿರಲಿಲ್ಲ. ಒಂದು ದಿನ ಆತ ದಿನವಿಡೀ ಚೆನ್ನಾಗಿದ್ದು ಮರುದಿನ ಹಲ್ಲುಜ್ಜುವ ಬ್ರಶ್ ಹಿಡಿದು ಇದೇನು ಎಂದು ನೋಡುತ್ತ ನಿಲ್ಲುತ್ತಿದ್ದ. ದುರ್ಗವ್ವ ಅವನ ಪ್ರತಿ ಮಾತನ್ನೂ ಎರಡು ಸಲ ತೂಗಿ ನೋಡುವಂತಾಗಿದ್ದಳು. ಆತ ಮೊದಲಿನಿಂದಲೂ ಚೇಷ್ಟೆಯ ಮನುಷ್ಯ. ಈಗ ಅವನ ಚೇಷ್ಟೆ ಯಾವುದು, ಮರೆವು ಯಾವುದು ಎನ್ನುವುದು ಅವಳಿಗೆ ತಿಳಿಯದೆ, ನಗಬೇಕಾದಲ್ಲಿ ಹೆದರಿದಳು, ಹೆದರಬೇಕಾದಲ್ಲಿ ನಕ್ಕಳು.

ಗಿಡದಲ್ಲಿ ಹನ್ನೊಂದು ಕಾಯಿ ಉಳಿದಿದ್ದವು. ಗಾಳಿಗೆ ಎರಡು ಬಿದ್ದವು, ಒಂದನ್ನು ಗಿಳಿ ಕುಕ್ಕಿತು. ಉಳಿದ ಎಂಟಕ್ಕೆ ದುರ್ಗವ್ವ ಹಳೆಯ ಸೀರೆಯ ಚೂರುಗಳಿಂದ ಚೀಲ ಹೊಲಿದು ಕಟ್ಟಿದಳು. ಜೂನ್ ಮೊದಲ ಮಳೆ ಬಿದ್ದ ಮೂರನೆಯ ದಿನ, ಮಗ ಸಾಲಿಗೆ, ಸೊಸೆ ಅಂಗನವಾಡಿಗೆ, ಕೋಮಲ ಟ್ಯೂಷನ್ನಿಗೆ ಹೋಗಿದ್ದಾಗ, ಅಪ್ಪಾಸಾಬ ಒಂದು ಚೀಲ ಬಿಚ್ಚಿ, ಹಣ್ಣನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ತಿರುವಿದ. ಅದು ತಾನಾಗಿ ಕೈಗೆ ಬಂತು. ಹಳದಿ ಮೈ, ಒಂದು ಕೆನ್ನೆಗೆ ಮಾತ್ರ ಕೆಂಪು.

ಗಿಡದ ಹತ್ತಿರದ ಕಟ್ಟೆಯ ಮೇಲೆ ಕೂತು, ತಾಟಿನಲ್ಲಿಟ್ಟು ಅದನ್ನು ಹೋಳು ಮಾಡಿದ. ದುರ್ಗವ್ವ ಕಸಬರಿಗೆ ಹಿಡಿದು ಹಿತ್ತಲ ಎಲೆ ಗುಡಿಸುತ್ತ ಹತ್ತಿರ ಬಂದಳು. ಅಪ್ಪಾಸಾಬ ತಲೆಯೆತ್ತಿ ನೋಡಿ, ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಬರ್ರಿ, ಕುಂದರ್ರಿ. ಹಣ್ಣು ತಿನ್ರಿ."

ದುರ್ಗವ್ವ ನಿಂತಲ್ಲೇ ನಿಂತಳು. ಮದುವೆಯಾದಾಗಿನಿಂದ ಆತ ಅವಳಿಗೆ 'ರಿ' ಹಚ್ಚಿ ಮಾತಾಡಿದ್ದಿಲ್ಲ. ಅವನ ಮುಖ ನೋಡಿದಳು. ಚೇಷ್ಟೆ ಮಾಡುವಾಗ ಅವನ ಬಲಗಣ್ಣಿನ ಮೂಲೆ ಸುಕ್ಕಾಗುತ್ತಿತ್ತು. ಈಗ ಸುಕ್ಕು ಇತ್ತು, ಆದರೆ ಎದುರಿಗೆ ಬಿಸಿಲೂ ಇತ್ತು.

ಅವಳು ಕಸಬರಿಗೆ ಇಟ್ಟು ಕೂತಳು. ಒಂದು ಹೋಳು ತೆಗೆದುಕೊಂಡಳು.

"ಯಾವೂರ್ರಿ ನಿಮ್ಮದು?"

"ಇಂಡಿ ತಾಲೂಕ್ರಿ," ಎಂದಳು ದುರ್ಗವ್ವ. "ಸಾಲೋಟಗಿ."

"ಸಾಲೋಟಗಿ? ನಮ್ಮ ಮನಿಯಾಕಿದೂ ತವರಮನಿ ಸಾಲೋಟಗಿ."

"ಹೌದೇನ್ರಿ? ಹ್ಯಾಂಗದಾಳ್ರಿ ನಿಮ್ಮ ಮನಿಯಾಕಿ?"

"ಬಾಯಿ ಜೋರ್ರಿ ಅಕಿದು." ಆತ ಒಂದು ಹೋಳನ್ನು ತಾಟಿನ ಅಂಚಿಗೆ ಬೇರೆಯಾಗಿ ಸರಿಸಿದ. "ಇದು ಅಕಿದು. ಮೊದಲನೇ ಹಣ್ಣು ನೋಡ್ರಿ, ಅಕಿಗೆ ಇಡದಿದ್ರ ನನ್ನ ಸುಮ್ಮ ಬಿಡಂಗಿಲ್ಲ."

"ಇಡ್ರಿ," ಎಂದಳು ದುರ್ಗವ್ವ. "ಈಗ ಬರ್ತಾಳ."

ಅವಳು ಎದ್ದು ಒಳಗೆ ಹೋದಳು. ಬಚ್ಚಲಲ್ಲಿ ತಣ್ಣೀರಿನಿಂದ ಮುಖ ತೊಳೆದಳು. ಸೆರಗಿನಿಂದ ಒರೆಸಿಕೊಂಡು, ತಲೆಗೂದಲು ಒತ್ತಿ ಸರಿಮಾಡಿಕೊಂಡು, ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ನಿಂತಳು. ಆಮೇಲೆ ಹಿತ್ತಲ ಬಾಗಿಲನ್ನು ಬೇಕೆಂದೇ ಸದ್ದಾಗುವಂತೆ ತಳ್ಳಿ ಹೊರಗೆ ಬಂದಳು.

"ಹಣ್ಣು ಕೊಯ್ದ್ರೇನು? ನನ್ನ ಪಾಲು ಎಲ್ಲೈತಿ?" ಎಂದು ಜೋರಾಗಿ ಕೇಳಿದಳು.

ಅಪ್ಪಾಸಾಬ ತಾಟನ್ನು ಅವಳ ಕಡೆ ಚಾಚಿದ.

"ಎಲ್ಲಿ ಹೋಗಿದ್ದಿ ನೀ ಇಷ್ಟೊತ್ತು? ನಿಮ್ಮೂರ ಕಡೆಯಾಕಿ ಬಂದಿದ್ಲು. ಅಕಿಗೂ ಒಂದು ಹೋಳು ಕೊಟ್ಟೇನಿ."

"ಏನಂದ್ಲು ಅಕಿ?"

"ಏನೂ ಅನ್ಲಿಲ್ಲ. ತಿಂದು ಹೋದ್ಲು. ಸಿಹಿ ಐತೋ ಇಲ್ಲೋ ಅಷ್ಟೂ ಹೇಳ್ಲಿಲ್ಲ ನೋಡು." ಆತ ಅವಳ ಮುಖವನ್ನೇ ನೋಡುತ್ತಿದ್ದ. "ನೀ ಹೇಳು."

ದುರ್ಗವ್ವ ಹೋಳನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು.

"ಸಿಹಿ ಐತಿ," ಎಂದಳು.